ಎಲ್ಡನ್ ಶಿಮೆಕ್‌ನ ಮಗ್ಗಿನಲ್ಲಿ ಇದ್ದದ್ದು

ನಮ್ಮ ಟೂ ರಿವರ್ಸ್ ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಿಯರ್ ಮಾಡುತ್ತಿದ್ದವನು ಎಲ್ಡನ್ ಶಿಮೆಕ್. ಆ ಬಿಯರಿನ ಒಂದು ತೊಟ್ಟೂ ಅವನ ಗಂಟಲಲ್ಲಿ ಇಳಿದಿರಲಿಲ್ಲ. ಮಾಡಲು ಶುರು ಮಾಡಿದ ದಿನದಿಂದಲೂ ಇಳಿದಿರಲಿಲ್ಲ. ಅವನ ಗ್ಯಾರೇಜಿಗೂ ನನ್ನ ಅಡಿಗೆಮನೆಯ ಕಿಟಕಿಗೂ ನಡುವೆ ಇರುವುದು ಮೊಣಕಾಲೆತ್ತರದ ಒಂದು ಬೇಲಿ. ಅವನು ಯಾವಾಗ ಸೀನಿದ, ಯಾವಾಗ ಅಂಗಿ ಬದಲಿಸಿದ ಎಂಬುದನ್ನೂ ಹೇಳಬಲ್ಲವಳು ನಾನು. ನನಗೇ ಇದು ಗೊತ್ತಿರಲಿಲ್ಲ ಎಂದರೆ ಜನ ನಗುತ್ತಾರೆ. ನಗಲಿ. ಗೊತ್ತಾದ ದಿನ ನನಗೆ ಗರ ಬಡಿದ ಹಾಗಾಗಿತ್ತು, ಅದು ಇನ್ನೂ ಪೂರ್ತಿ ಬಿಟ್ಟಿಲ್ಲ.

ನಾನು ವಿಲ್ಮಾ ಪ್ರಿಬಿಲ್. ಊರಿನಲ್ಲಿ ಬೇಕರಿ ಇಟ್ಟಿದ್ದೆ. ಈಗ ನನ್ನ ತಂಗಿಯ ಮಗಳು ನಡೆಸುತ್ತಾಳೆ, ನಾನು ದಿನಾ ಹೋಗಿ ತಪ್ಪು ಹುಡುಕಿ ಬರುತ್ತೇನೆ. ಪಕ್ಕದ ಮನೆಗೆ ನಾನು ಬಂದಾಗ ಎಲ್ಡನ್ ಒಂಟಿಯಾಗಿದ್ದ. ಅಲ್ಯುಮಿನಿಯಂ ಪಾತ್ರೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ದುಡಿದು ದುಡಿದು ಅವನ ಹುಬ್ಬಿನ ಕೂದಲೆಲ್ಲ ಸುಟ್ಟು ಹೋಗಿತ್ತು. ಎತ್ತರದ ಆಳು, ಮಾತು ಕಡಿಮೆ. ಹೆಂಡತಿ ಬಿಟ್ಟು ಹೋಗಿದ್ದಾಳೆ, ಮಗಳು ಕೋರಿನ್ ಆಪಲ್ಟನ್ನಿನಲ್ಲಿದ್ದಾಳೆ, ಈ ಕಡೆ ತಲೆ ಹಾಕುವುದಿಲ್ಲ ಎಂಬಷ್ಟೇ ಊರಿಗೆ ಗೊತ್ತಿತ್ತು. ಯಾಕೆ ಎಂದು ಕೇಳಿದರೆ, "ತಪ್ಪು ಅವಳದ್ದಲ್ಲ" ಎನ್ನುತ್ತಿದ್ದ. ಮುಂದಕ್ಕೆ ಬಾಯಿಗೆ ಬೀಗ.

ಶನಿವಾರ ಬಂತೆಂದರೆ ಬೆಳಗ್ಗೆಯೇ ಅವನ ಗ್ಯಾರೇಜಿನ ಬಾಗಿಲು ಮೇಲೆದ್ದಿರುತ್ತಿತ್ತು. ಮೊದಲು ಕೈಗಿರಣಿಯ ಕರಕರ ಸದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ನುಣ್ಣಗಾಗದ ಹಾಗೆ ತರಿತರಿಯಾಗಿ ಒಡೆಯುವುದು. ಆಮೇಲೆ ಪಿಕ್ನಿಕ್ಕಿಗೆ ಒಯ್ಯುವ ಐಸ್ ಪೆಟ್ಟಿಗೆಯಲ್ಲಿ ಬಿಸಿನೀರಿಗೆ ಅದನ್ನು ಸುರಿದು, ಮುಚ್ಚಳ ಹಾಕಿ, ಹಳೆಯ ರಜಾಯಿ ಹೊದಿಸಿ, ಮಗು ಮಲಗಿದೆಯೇನೋ ಎಂಬಂತೆ ಪಕ್ಕದಲ್ಲಿ ಕೂರುವುದು. ಕಾಳಿನ ಹಿಟ್ಟೆಲ್ಲ ತಾನಾಗಿಯೇ ಸಿಹಿಯಾಗುತ್ತದೆ. ಕೆಳಗಿನ ನಲ್ಲಿ ತಿರುಗಿಸಿದರೆ ಜೇನಿನ ಬಣ್ಣದ ರಸ ಇಳಿಯುತ್ತದೆ. ಅದನ್ನು ಹಂಡೆಯಲ್ಲಿ ಕುದಿಸಿ, ಕಹಿಗೆ ಹಾಪ್ಸ್ ಹೂ ಹಾಕಿ, ಆರಿಸಿ, ಯೀಸ್ಟ್ ಬೆರೆಸಿ, ಗಾಜಿನ ದೊಡ್ಡ ಬುಡ್ಡಿಗೆ ತುಂಬಿ ನೆಲಮಾಳಿಗೆಗೆ ಇಳಿಸುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಅಮಲು ಬರುವುದು ಯೀಸ್ಟಿನಿಂದ. ಅದು ಬೀಳುವ ತನಕ ಬರೀ ಗಂಜಿನೀರು, ಮಕ್ಕಳಿಗೂ ಕುಡಿಸಬಹುದು. ಇದೊಂದನ್ನು ನೆನಪಿಟ್ಟುಕೊಳ್ಳಿ.

ಗ್ಯಾರೇಜಿನಲ್ಲಿ ನಾವು ನಾಲ್ಕಾರು ಜನ ಮಡಚುವ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆವು. ಹಿಂದಿನ ವಾರಗಳಲ್ಲಿ ತಯಾರಾದ ಬಾಟಲಿಗಳನ್ನು ಎಲ್ಡನ್ ಧಾರಾಳವಾಗಿ ಹಂಚುತ್ತಿದ್ದ. ನಮ್ಮ ಬಿಯರ್ ಕ್ಲಬ್ಬಿನ ಅಧ್ಯಕ್ಷ ಡುವೇನ್ ರೆಝಾಕ್ ಖಾಯಂ ಗಿರಾಕಿ. ಚಳಿಗಾಲದಲ್ಲಿ ಹಿಮ ತಳ್ಳುವ ಲಾರಿ ಓಡಿಸುತ್ತಾನೆ, ಬೇಸಿಗೆಯಲ್ಲಿ ಬಾಯಿ ಓಡಿಸುತ್ತಾನೆ. ಡಬ್ಬಿಯಲ್ಲಿ ಬರುವ ಮಾಲ್ಟಿನ ಪಾಕ ತಂದು, ಎರಡು ಗಂಟೆಯಲ್ಲಿ ಕೆಲಸ ಮುಗಿಸಿ, ತಾನೂ ಬಿಯರ್ ಮಾಡಿದೆ ಎಂದು ಎದೆಯುಬ್ಬಿಸಿ ತಿರುಗುವ ಗಂಡಸು.

"ಏನೋ ಎಲ್ಡನ್, ಇಡೀ ದಿನ ಒದ್ದಾಡಿ ಎರಡು ಪೆಟ್ಟಿಗೆ ಬಾಟ್ಲಿ ಮಾಡ್ತೀಯಲ್ಲ. ದೊಡ್ಡ ಹಂಡೆ ತಗೋಬಾರದಾ? ಒಂದ್ಸಲ ಮಾಡಿದ್ರೆ ಎರಡು ತಿಂಗಳು ನೆಮ್ಮದಿ."

"ಆಮೇಲೆ ಮುಂದಿನ ಶನಿವಾರ ನಾನೇನು ಮಾಡ್ಲಿ?"

"ಕೂತ್ಕೊಂಡು ಕುಡಿ."

"ಅದಕ್ಕೆ ನೀನಿದ್ದೀಯಲ್ಲ."

ನಾವೆಲ್ಲ ನಕ್ಕೆವು. ಡುವೇನ್ ಬಿಡಲಿಲ್ಲ. "ಹಾಗಿದ್ರೆ ಡಬ್ಬಿ ಪಾಕದಲ್ಲಾದ್ರೂ ಮಾಡು. ಮಧ್ಯಾಹ್ನದೊಳಗೆ ಮುಗಿದುಹೋಗುತ್ತೆ."

"ಅದೇ ಕಷ್ಟ ನೋಡು. ಬೇಗ ಮುಗಿದುಹೋಗುತ್ತೆ," ಎಂದ ಎಲ್ಡನ್, ಮತ್ತೆ ರಜಾಯಿ ಎತ್ತಿ ಪೆಟ್ಟಿಗೆಯೊಳಗೆ ಇಣುಕಿದ. ಕಾಳಿನಿಂದಲೇ ಶುರು ಮಾಡಬೇಕು, ಸ್ವಲ್ಪಸ್ವಲ್ಪವೇ ಮಾಡಬೇಕು, ಎಂದರೆ ಪ್ರತಿ ಶನಿವಾರವೂ ಬೆಳಗಿನಿಂದ ಸಂಜೆವರೆಗೆ ಎರಡೂ ಕೈಗೆ ಕೆಲಸ ಇರಬೇಕು ಎಂದು ಆ ಮಾತಿನ ಅರ್ಥ. ನಮಗೆ ಆಗ ಅದು ಮುದುಕನ ಹಟ ಅನ್ನಿಸಿತ್ತು.

ಅವನ ಕೈಯಲ್ಲಿ ಯಾವಾಗಲೂ ಒಂದು ಮಣ್ಣಿನ ಮಗ್ಗು. ಕಂದು ಬಣ್ಣ, ಹಿಡಿಯ ಹತ್ತಿರ ಚಕ್ಕೆ ಎದ್ದದ್ದು. ಬುಡ್ಡಿಯ ಬಿಯರನ್ನು ಬಾಟಲಿಗೆ ಇಳಿಸುವಾಗ ನಾವೆಲ್ಲ ರಬ್ಬರ್ ಕೊಳವೆಯನ್ನು ಬಾಯಲ್ಲಿಟ್ಟು ಒಂದು ಗುಟುಕು ಎಳೆದು ಹರಿವು ಶುರು ಮಾಡುವವರು. ಅವನು ಕೊಳವೆಗೆ ನೀರು ತುಂಬಿ ಬೆರಳಿನಲ್ಲಿ ಒತ್ತಿ ಹಿಡಿದು ಹರಿಸುತ್ತಿದ್ದ. "ಎಂಜಲಾಗಬಾರದು" ಎನ್ನುತ್ತಿದ್ದ. ಎಷ್ಟು ಮಡಿ ಈ ಮನುಷ್ಯನದು ಎಂದು ನಾನು ಅಣಕಿಸಿದ್ದೆ. ಶುಕ್ರವಾರ ಊರಿಗೆ ಊರೇ ಹೋಟೆಲಿನಲ್ಲಿ ಕರಿದ ಮೀನು ತಿಂದು ಬಾರಿನ ಕಟ್ಟೆಗೆ ಒರಗಿರುವಾಗ ಅವನು ಮೀನಿನ ಪೊಟ್ಟಣ ಹಿಡಿದು ನೇರ ಮನೆಗೆ. ಜಿಪುಣ, ಎಂದೆವು. ಎಲ್ಲವೂ ಕಣ್ಣೆದುರಿಗೇ ಇತ್ತು. ಒಬ್ಬರಿಗಾದರೂ ಹೊಳೆಯಬಾರದೇ?

ನನ್ನದಂತೂ ಇನ್ನೂ ದೊಡ್ಡ ಕಥೆ. ಒಂದೊಂದು ಬುಡ್ಡಿ ಹದಕ್ಕೆ ಬಂದಾಗಲೂ ಬೇಲಿಯಾಚೆಯಿಂದ ಕರೆ ಬರುತ್ತಿತ್ತು.

"ವಿಲ್ಮಾ, ನಿನ್ನ ಬಾಯಿ ತಗೊಂಡು ಬಾರೆ."

"ಬಾಯಿ ಒಂದು ಸಾಕಾ, ಮಿಕ್ಕಿದ್ದು ಬೇಡ್ವಾ?"

"ಮಿಕ್ಕಿದ್ದು ಮನೇಲೇ ಇರ್ಲಿ, ಒಲೆ ನೋಡ್ಕೊಳ್ಳುತ್ತೆ."

ಒಂದು ಸಣ್ಣ ಲೋಟದಲ್ಲಿ ಕೊಟ್ಟು ಎದುರಿಗೆ ಕೂರುತ್ತಿದ್ದ. "ಚೆನ್ನಾಗಿದೆ ಅನ್ಬೇಡ. ಏನೇನಿದೆ ಅದನ್ನ ಹೇಳು."

"ಬ್ರೆಡ್ಡಿನ ಅಂಚು. ಸ್ವಲ್ಪ ಕರಕಲು."

"ಎಷ್ಟು ಕರಕಲು? ನಿನ್ನ ರೈ ಬ್ರೆಡ್ಡಿನಷ್ಟಾ?"

"ನನ್ನ ರೈ ಬ್ರೆಡ್ ಯಾವತ್ತೂ ಕರಕಲಾಗಲ್ಲ ಕಣೋ."

"ನೀನು ಒಲೆ ಮುಂದೆ ನಿಂತು ತಂಗಿ ಹತ್ರ ಫೋನಲ್ಲಿ ಮಾತಾಡಿದ ದಿನ ಆಗುತ್ತೆ. ಸರಿ, ನುಂಗಿದ ಮೇಲೆ ನಾಲಿಗೆ ಹಿಂದೆ ಏನುಳೀತು? ಕಹಿ ಬೇಗ ಹೋಯ್ತಾ, ಕೂತಿದೆಯಾ?"

ನಾನು ಹೇಳುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಕೇಳುತ್ತ ಕೇಳುತ್ತ ಅವನ ಗಂಟಲಿನ ಉಂಡೆ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಬೇಕರಿಯವಳ ನಾಲಿಗೆಗೆ ಕೊಡುವ ಮರ್ಯಾದೆ ಇದು ಎಂದು ನಾನು ಬೀಗಿದ್ದೇ ಬೀಗಿದ್ದು. ನಿಜ ಗೊತ್ತಾದ ಮೇಲೆ ಮೈಯೆಲ್ಲ ಉರಿದು ಜಗಳಕ್ಕೇ ಹೋದೆ. "ಇಷ್ಟು ವರ್ಷ ನನ್ನ ಬಾಯನ್ನ ಸಾಧನದ ಹಾಗೆ ಬಳಸಿಕೊಂಡ್ಯಲ್ಲೋ, ಒಂದು ಮಾತು ಹೇಳಬಾರದಿತ್ತಾ?" ಎಂದೆ. ಅವನು ಹಂಡೆ ತಿಕ್ಕುವುದನ್ನು ನಿಲ್ಲಿಸದೆ, "ನೀನು ಹೇಳಿದ್ದೆಲ್ಲ ನಾನು ಕುಡಿದ ಹಾಗೇ ಆಯ್ತು ವಿಲ್ಮಾ. ತಲೆ ಮಾತ್ರ ತಿರುಗಲಿಲ್ಲ," ಎಂದ. ನಾನು ಬೇಲಿ ದಾಟಿ ವಾಪಸು ಬಂದೆ.

ಈಗ ಹಿಂದಿನದನ್ನು ಹೇಳಿಬಿಡುತ್ತೇನೆ. ಇದನ್ನೆಲ್ಲ ಕೋರಿನ್ ನನಗೆ ಹೇಳಿದ್ದು ಆಮೇಲೆ, ಬೇಕರಿಯ ಹಿಂದಿನ ಕೋಣೆಯಲ್ಲಿ ಕೂತು. ಆದರೆ ನಿಮಗೆ ಮೊದಲೇ ಗೊತ್ತಿರಲಿ. ನಾನು ಕುರುಡಿಯಾಗಿದ್ದೆ ಎಂದು ನೀವೂ ಕುರುಡರಾಗುವುದು ಬೇಡ.

ಎಲ್ಡನ್ ಕುಡುಕ. ಮೋಜಿಗೆ ಕುಡಿಯುವವನಲ್ಲ, ಬೆಳಗಿನ ಕಾಫಿಗೇ ಬ್ರಾಂಡಿ ಬೆರೆಸುವ ಜಾತಿಯ ಕುಡುಕ. ಸಂಜೆ ಅವನು ಕಾರ್ಖಾನೆಯಿಂದ ಬಂದರೆ ಹೆಂಡತಿ ಬರ್ನೀಸ್ ಅಡಿಗೆಮನೆಯಿಂದಲೇ ಮಗಳಿಗೆ, "ಹೋಗು, ಅಪ್ಪನಿಗೆ ಒಂದು ಮುತ್ತು ಕೊಟ್ಟು ಬಾ," ಎನ್ನುತ್ತಿದ್ದಳಂತೆ. ಅದು ಮುತ್ತಲ್ಲ. ಕೋರಿನ್ ಹೋಗಿ, ಅಪ್ಪನ ಗಲ್ಲ ಹಿಡಿದು, ಬಾಯಿಯ ಹತ್ತಿರ ಮೂಗು ಒಯ್ದು, ಬಂದು ಅಮ್ಮನಿಗೆ ಹೌದು ಅಥವಾ ಇಲ್ಲ ಎಂದು ಹೇಳಬೇಕು. ಹೌದು ಎಂದರೆ ಮನೆಯಲ್ಲಿ ರಣರಂಗ. ಅವನಿಗೂ ಇದು ಗೊತ್ತಿತ್ತು. ಪೆಪ್ಪರ್‌ಮಿಂಟು ಅಗಿಯುತ್ತಿದ್ದ, ಲವಂಗ ಅಗಿಯುತ್ತಿದ್ದ, ಉಸಿರು ಕಟ್ಟಿ ನಿಲ್ಲುತ್ತಿದ್ದ. ಹುಡುಗಿ ಲವಂಗದ ಕೆಳಗಿನ ವಾಸನೆಯನ್ನೂ ಹಿಡಿಯಲು ಕಲಿತಳು. "ನನಗೆ ಓದು ಬರೋದಕ್ಕಿಂತ ಮುಂಚೆ ಅದು ಬರ್ತಿತ್ತು ವಿಲ್ಮಾ ಆಂಟಿ," ಎಂದಳು ಕೋರಿನ್. ನನ್ನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಹಾಗೇ ಇತ್ತು.

ಪ್ರತಿ ಸಲ ಸಿಕ್ಕಿಬಿದ್ದಾಗಲೂ ಅವನು, "ಬಿಟ್ಟೆ, ಆಣೆ, ಇವತ್ತಿಗೇ ಬಿಟ್ಟೆ," ಎನ್ನುವನು. ಎಷ್ಟು ಸಲ ಬಿಟ್ಟ ಎಂದು ಮನೆಯವರು ಎಣಿಸುವುದನ್ನೇ ಬಿಟ್ಟಿದ್ದರು.

ಕೋರಿನ್ ಹೈಸ್ಕೂಲಿನಲ್ಲಿದ್ದಾಗ ಒಂದು ಫೆಬ್ರುವರಿಯಲ್ಲಿ ಅವಳನ್ನು ವಿನ್ನೆಬೇಗೋ ಸರೋವರಕ್ಕೆ ಕರೆದುಕೊಂಡು ಹೋದ. ನೀರು ಗಟ್ಟಿಯಾಗಿ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ಗಾಡಿ ಓಡಿಸಿಕೊಂಡು ಹೋಗಿ, ಐಸ್ ಕೊರೆದು, ದೊಡ್ಡ ಸ್ಟರ್ಜನ್ ಮೀನನ್ನು ಈಟಿಯಲ್ಲಿ ಹೊಡೆಯುವುದು ನಮ್ಮ ಕಡೆಯ ಹಬ್ಬ. ಎಲ್ಲಿ ಐಸ್ ಗಟ್ಟಿ ಇದೆಯೋ ಅಲ್ಲಿ ಹಳೆಯ ಕ್ರಿಸ್‌ಮಸ್ ಮರಗಳನ್ನು ಸಾಲಾಗಿ ನೆಟ್ಟು ದಾರಿ ಮಾಡಿರುತ್ತಾರೆ. ಆ ದಿನ ಕುಡಿಯುವುದಿಲ್ಲ ಎಂದು ಮಗಳಿಗೆ ಮಾತು ಕೊಟ್ಟಿದ್ದ. ಫ್ಲಾಸ್ಕಿನಲ್ಲಿ ಕಾಫಿಗಿಂತ ಬ್ರಾಂಡಿಯೇ ಹೆಚ್ಚಿತ್ತು. ವಾಪಸು ಬರುವಾಗ ಮರಗಳ ಸಾಲು ಬಿಟ್ಟು ಅಡ್ಡದಾರಿ ಹಿಡಿದ. ಐಸ್ ಬಿರಿಯಿತು, ಗಾಡಿಯ ಮುಂದಿನ ಚಕ್ರಗಳೆರಡೂ ನೀರಿಗೆ ಇಳಿದವು. ಇಬ್ಬರೂ ಕಿಟಕಿಯಿಂದ ಹೊರಗೆ ತೆವಳಿ ಬದುಕಿಕೊಂಡರು. ಅವನು, "ಕೋರಿನ್, ಇನ್ನು ಬಿಟ್ಟೆ..." ಎಂದು ಬಾಯಿ ತೆರೆದ. ಒದ್ದೆ ಬೂಟಿನಲ್ಲಿ ನಡುಗುತ್ತ ನಿಂತಿದ್ದ ಹುಡುಗಿ ಹೇಳಿದಳಂತೆ: "ಬಿಟ್ಟೆ ಅಂತ ಇನ್ನೊಂದ್ಸಲ ನನ್ನ ಹತ್ರ ಹೇಳ್ಬೇಡ. ಯಾವತ್ತೂ ಹೇಳ್ಬೇಡ." ಅಷ್ಟು ಹೇಳಿ ಮರಗಳ ಸಾಲು ಹಿಡಿದು ಒಬ್ಬಳೇ ದಡಕ್ಕೆ ನಡೆದಳು. ಆ ವಾರವೇ ತಾಯಿ ಮಗಳು ಆಪಲ್ಟನ್ನಿಗೆ ಹೊರಟುಹೋದರು.

ಅವನು ನಿಜವಾಗಿ ಬಿಟ್ಟದ್ದು ಆ ದಿನ. ಈ ಸಲ ಯಾರಿಗೂ ಹೇಳಲಿಲ್ಲ. ಹೇಳಬೇಡ ಎಂದಿದ್ದಳಲ್ಲ, ಆ ಒಂದು ಮಾತನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದು ಕೂತ. ಕೈ ಖಾಲಿ ಇದ್ದರೆ ನಡುಗುತ್ತಿತ್ತಂತೆ, ಅದಕ್ಕೇ ಬಿಯರ್ ಮಾಡಲು ಶುರು ಮಾಡಿದ. ಹುಚ್ಚಲ್ಲವೇ? ಇನ್ನೇನಾದರೂ ಮಾಡಬಹುದಿತ್ತು, ಬಡಗಿ ಕೆಲಸ ಕಲಿಯಬಹುದಿತ್ತು, ಜೇನು ಸಾಕಬಹುದಿತ್ತು. "ನನ್ನನ್ನ ಇಷ್ಟು ಹೊಡೆದದ್ದು ಏನು ಅಂತ ಒಳಗೆ ಹೋಗಿ ನೋಡ್ಬೇಕಿತ್ತು," ಎಂದ ನನ್ನ ಹತ್ತಿರ. ವರ್ಷಗಳಾದ ಮೇಲೆ ಅಪ್ಪ ಗ್ಯಾರೇಜಿನಲ್ಲಿ ಬಿಯರ್ ಮಾಡುತ್ತಾನೆ ಎಂದು ಯಾರೋ ಕೋರಿನ್‌ಗೆ ಹೇಳಿದರು. ಅವಳು ಫೋನ್ ಮಾಡಿದಳು.

"ಬಿಯರ್ ಮಾಡ್ತಿದ್ದೀಯಂತೆ."

"ಹೌದಮ್ಮ."

"ಸರಿ," ಎಂದು ಇಟ್ಟುಬಿಟ್ಟಳು. ಆಮೇಲೆ ಅವಳಿಗೆ ಹೆಣ್ಣುಮಗು ಹುಟ್ಟಿತು, ಆ ಮಗು ನಡೆಯಲು ಕಲಿಯಿತು, ಶಾಲೆಗೂ ಸೇರಿತು. ಅಜ್ಜನಿಗೆ ಅದರ ಒಂದು ಫೋಟೋ ಕೂಡ ಬರಲಿಲ್ಲ. ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಹೇಳಿದರೂ ಅವಳು ನಂಬುತ್ತಿರಲಿಲ್ಲ, ಅದೂ ನಿಜ.

ಇನ್ನು ಆ ದಿನದ ಮಾತು. ಅಕ್ಟೋಬರಿನಲ್ಲಿ ನಮ್ಮ ಕ್ಲಬ್ಬಿನ ಸ್ಪರ್ಧೆ, ಅಗ್ನಿಶಾಮಕ ಠಾಣೆಯ ದೊಡ್ಡ ಹಾಲ್‌ನಲ್ಲಿ. ಒಳಗೆ ಉದ್ದುದ್ದ ಮೇಜು, ಬ್ರಾಟ್ ಎಂಬ ಹಂದಿಮಾಂಸದ ಸಾಸೇಜು, ಹುಳಿಕೋಸು, ಗ್ರೀನ್ ಬೇ ಊರಿನಿಂದ ಬಂದ ತೀರ್ಪುಗಾರರು. ಹೊರಗೆ ಅಂಗಳದಲ್ಲಿ ಎಲ್ಲರ ಎದುರಿಗೆ ಒಂದು ಹಂಡೆ ಬಿಯರ್ ಮಾಡಿ ತೋರಿಸುವ ಪದ್ಧತಿ. ಪ್ರತಿ ವರ್ಷ ಹಂಡೆಯ ಹತ್ತಿರ ಎಲ್ಡನ್ನೇ. "ಬೆಂಕಿ ನೋಡ್ಕೊಳ್ಳೋರು ಯಾರು" ಎಂಬುದು ಸ್ಪರ್ಧೆಗೆ ಸೇರದಿರಲು ಅವನ ನೆಪ. ಗೆದ್ದವನಿಗೆ ನಮ್ಮಲ್ಲಿ ಬಹುಮಾನದ ಕಪ್ ಕೊಡುವುದಿಲ್ಲ. ಬೂಟಿನ ಆಕಾರದ ಒಂದು ದೊಡ್ಡ ಗಾಜಿನ ಪಾತ್ರೆ ಇದೆ, ಡುವೇನ್‌ನ ಅಜ್ಜ ಜರ್ಮನಿಯಿಂದ ತಂದದ್ದು. ಗೆದ್ದವನ ಬಿಯರನ್ನೇ ಅದಕ್ಕೆ ತುಂಬಿ ಅವನ ಕೈಗೆ ಕೊಡುತ್ತೇವೆ. ಮೊದಲ ಗುಟುಕು ಅವನದು, ಆಮೇಲೆ ಕೈಯಿಂದ ಕೈಗೆ. ಖಾಲಿಯಾಗುವ ತನಕ ಬೂಟು ಮೇಜು ಮುಟ್ಟಬಾರದು. ನನಗೆ ತಿಳಿದ ಹಾಗೆ ಅದು ಯಾವತ್ತೂ ಮುಟ್ಟಿರಲಿಲ್ಲ.

ಮಧ್ಯಾಹ್ನ ಡುವೇನ್ ಸಾಸಿವೆ ಮೆತ್ತಿದ ಬಾಯಲ್ಲೇ ನನ್ನ ಕಿವಿಗೆ ಬಂದ.

"ಈ ಸಲ ಎಲ್ಡನ್‌ದೂ ನಾಲ್ಕಾರು ಬಾಟ್ಲಿ ಒಳಗೆ ಸೇರಿಸಿದ್ದೀನಿ. ನನ್ನ ಫ್ರಿಜ್ಜಿನಿಂದ. ಅವನಿಗೆ ಗೊತ್ತಿಲ್ಲ."

"ಗೆದ್ದರೆ?"

"ಗೆಲ್ತಾನೆ ಬಿಡು. ಅದಕ್ಕೇ ಅವನ ಮಗಳಿಗೂ ಫೋನ್ ಮಾಡ್ದೆ. ನಿಮ್ಮಪ್ಪನಿಗೆ ಇವತ್ತು ಬೂಟು, ಬಂದು ನೋಡು ಅಂದೆ. ಬರ್ತೀನಿ ಅಂದ್ಲು."

"ಯಾರನ್ನ ಕೇಳಿ ಕರೆದೆಯೋ?"

"ಕೇಳಿದ್ರೆ ಬೇಡ ಅಂತಿದ್ದ. ನಮ್ಮವನಿಗೆ ಒಂದು ಖುಷಿ ಬೇಡ್ವೇನೆ?"

ನನಗೂ ಕಣ್ಣು ಒದ್ದೆಯಾಯಿತು ಎಂದರೆ ನೋಡಿ. ಅಪ್ಪ ಮಗಳು ತಬ್ಬಿಕೊಳ್ಳುತ್ತಾರೆ, ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ ಎಂದು ನನ್ನ ತಲೆಯಲ್ಲಿ ಚಿತ್ರ. ಬುದ್ಧಿ ಎಲ್ಲಿಟ್ಟಿದ್ದೆನೋ.

ಅಂದುಕೊಂಡ ಹಾಗೇ ಅವನ ಬಿಯರ್ ಗೆದ್ದಿತು. ಹೊರಗೆ ಹಂಡೆಯ ಹತ್ತಿರ ಸೌಟು ಹಿಡಿದು ನಿಂತಿದ್ದವನನ್ನು ಇಬ್ಬರು ಹಿಡಿದು ಎಳೆದುಕೊಂಡೇ ಬಂದರು. ಒಂದು ಕೈಯಲ್ಲಿ ಕಂದು ಮಗ್ಗು ಹಾಗೇ ಇತ್ತು. ವಿಷಯ ಗೊತ್ತಾದಾಗ ಅವನ ಮುಖ ಗೋಡೆಯ ಸುಣ್ಣವಾಯಿತು. ಸಂಕೋಚದ ಮನುಷ್ಯ, ನಾಚಿಕೆ ಎಂದುಕೊಂಡೆ. ಡುವೇನ್ ಬೂಟನ್ನು ನೊರೆ ಉಕ್ಕುವ ಹಾಗೆ ತುಂಬಿ ಅವನ ಇನ್ನೊಂದು ಕೈಗೆ ಹಿಡಿಸಿದ. ನಾವೆಲ್ಲ ಮೇಜು ಗುದ್ದಲು ಶುರು ಮಾಡಿದೆವು. ಅದೇ ಪದ್ಧತಿ. ಗೆದ್ದವನು ಕುಡಿಯುವ ತನಕ ಗುದ್ದುತ್ತಲೇ ಇರಬೇಕು.

ಆಗ ಅವನು ಬಾಗಿಲ ಕಡೆ ನೋಡಿದ. ಕೋಟು ನೇತುಹಾಕುವ ಗೂಟಗಳ ಪಕ್ಕ ನಸುಗೆಂಪು ಕೂದಲಿನ ಒಬ್ಬಳು ಹೆಂಗಸು, ಕೋಟು ಬಿಚ್ಚದೆಯೇ ನಿಂತಿದ್ದಳು. ಹುಬ್ಬೊಂದು ಬಿಟ್ಟರೆ ಎಲ್ಡನ್‌ನದೇ ಮುಖ. ಅವಳ ಮುಖದಲ್ಲಿ ನಗು ಇರಲಿಲ್ಲ. ಕೈಯಲ್ಲಿ ಕಾರಿನ ಕೀಲಿ ಬಿಗಿಯಾಗಿ ಹಿಡಿದಿದ್ದಳು.

ಬೂಟಿನ ನೊರೆ ಉಕ್ಕಿ ಎಲ್ಡನ್‌ನ ಮಣಿಕಟ್ಟಿನ ಮೇಲೆ ಇಳಿಯಿತು. ನಮ್ಮವರಲ್ಲಿ ಯಾರೇ ಆಗಿದ್ದರೂ ಅದನ್ನು ನೆಕ್ಕುತ್ತಿದ್ದರು. ಅವನು ಮಗ್ಗಿನ ಕೈಯನ್ನು ಅಡ್ಡ ತಂದು ಅಂಗಿಯ ತೋಳಿನಿಂದ ಒರೆಸಿಕೊಂಡ. ಗುದ್ದುವ ಸದ್ದು ಜೋರಾಯಿತು. ಬೂಟು ಮೇಲೆ ಹೋಗಲೇ ಇಲ್ಲ.

"ಏನೋ, ನಿನ್ನ ಬಿಯರ್ ಕಂಡ್ರೆ ನಿನಗೇ ಭಯವಾ?" ಎಂದು ಡುವೇನ್ ಕೂಗಿದ.

"ಹೌದು," ಎಂದ ಎಲ್ಡನ್.

ಸೇರಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಗು ಮುಗಿಯುವ ಮೊದಲೇ ಅವನು ಬಗ್ಗಿ ಬೂಟನ್ನು ತುಂಬಿದ್ದು ತುಂಬಿದ ಹಾಗೇ ಮೇಜಿನ ಮೇಲೆ ಇಟ್ಟುಬಿಟ್ಟ.

ಅಷ್ಟು ದೊಡ್ಡ ಹಾಲ್‌ನಲ್ಲಿ ಸಾಸೇಜು ಚುರುಗುಡುವುದು ಕೇಳಿಸಿತು. ಮೂಲೆಯಲ್ಲಿ ಕೂತಿದ್ದ ಮುದುಕ ಯಾರೋ, "ಅದು ಮೇಜು ಮುಟ್ಟಿತು," ಎಂದ, ಸಾವಿನ ಸುದ್ದಿ ಹೇಳುವ ಧ್ವನಿಯಲ್ಲಿ. ಡುವೇನ್‌ನ ಕುತ್ತಿಗೆ ಕೆಂಪೇರಿತು.

"ಎತ್ತೋ ಅದನ್ನ."

ಎಲ್ಡನ್ ಎತ್ತಲಿಲ್ಲ.

"ಕುಡಿಯಲ್ಲ ಅಂದ್ರೆ ಏನರ್ಥ? ಇಷ್ಟು ವರ್ಷ ನಮಗೆಲ್ಲ ಕುಡಿಸ್ದೆ, ನಿನ್ನ ಬಾಯಿಗೆ ಮಾತ್ರ ಬೇಡ್ವಾ? ಏನು ಹಾಕಿದ್ದೀಯ ಅದರಲ್ಲಿ?"

ಎಲ್ಡನ್ ಬಾಯಿ ತೆರೆದ. ಮಗಳನ್ನು ನೋಡಿದ. ಮುಚ್ಚಿದ. ಹೇಳಲಿಕ್ಕೆ ಇದ್ದದ್ದು ಒಂದೇ ಮಾತು, ಅದನ್ನೇ ಹೇಳಬೇಡ ಎಂದು ಆಣೆ ಬಿದ್ದಿತ್ತು. ನನಗೆ ಇದ್ಯಾವುದೂ ಗೊತ್ತಿಲ್ಲವಲ್ಲ. ಡುವೇನ್‌ನ ಮಾತಿಗೆ ಸಿಟ್ಟು ನೆತ್ತಿಗೇರಿ ನಾನು ಎದ್ದು ನಿಂತೆ.

"ಬಿಡೋ ಅವನನ್ನ. ಬೆಳಗಿನಿಂದ ಆ ಮಗ್ಗು ಎತ್ತಿ ಎತ್ತಿ ಕುಡಿದು ಹೊಟ್ಟೆ ತುಂಬಿದೆ ಅವನಿಗೆ, ಇನ್ನೆಲ್ಲಿ ಹಿಡಿಸುತ್ತೆ?"

ಅವನನ್ನು ಉಳಿಸಲಿಕ್ಕೆ ಹೇಳಿದ ಮಾತು ಅದು. ಹೇಳಿ ಬಾಗಿಲ ಕಡೆ ನೋಡುತ್ತೇನೆ, ಕೋರಿನ್‌ಳ ಮುಖದಲ್ಲಿ ಏನೋ ಮುಚ್ಚಿಕೊಂಡ ಹಾಗಾಯಿತು. ತಲೆ ಅಲ್ಲಾಡಿಸಿದಳು, ತಿರುಗಿದಳು, ಬಾಗಿಲಿನ ಹಿಡಿಗೆ ಕೈ ಹಾಕಿದಳು. ಎಲ್ಡನ್ ಅಲ್ಲೇ ನಿಂತಿದ್ದ. ಕೂಗಲಿಲ್ಲ, ಹಿಂದೆ ಓಡಲಿಲ್ಲ. ಅವಳ ಬೆನ್ನನ್ನೇ ನೋಡುತ್ತಿದ್ದ. ಏನೋ ಕೆಟ್ಟದ್ದು ಮಾಡಿಬಿಟ್ಟೆ ಎಂದು ಗೊತ್ತಾಯಿತು, ಏನು ಎಂದು ಗೊತ್ತಾಗಲಿಲ್ಲ.

ಬಾಗಿಲು ಅರ್ಧ ತೆರೆದಿತ್ತು. ಬೆನ್ನ ಹಿಂದೆ ಆ ಹಳೆಯ "ಬಿಟ್ಟೆ, ಆಣೆ" ಕೇಳಿಸಲಿಲ್ಲ ಎಂದೋ ಏನೋ, ಅವಳು ಹಾಗೇ ನಿಂತಳು. ಆಮೇಲೆ ಬಾಗಿಲನ್ನು ಬಿಟ್ಟು, ಮೇಜುಗಳ ನಡುವೆ ದಾರಿ ಮಾಡಿಕೊಂಡು, ಯಾರನ್ನೂ ನೋಡದೆ, ನೇರವಾಗಿ ಬಂದು ಅಪ್ಪನ ಎದುರಿಗೆ ನಿಂತಳು.

"ಬಗ್ಗು," ಎಂದಳು.

ಅಷ್ಟೆತ್ತರದ ಮನುಷ್ಯ ಬಗ್ಗಿದ. ಅವಳು ಅವನ ಗಲ್ಲ ಹಿಡಿದಳು.

"ಬಾಯಿ ತೆಗಿ."

ಊರಿನ ಜನವೆಲ್ಲ ನೋಡುತ್ತಿರುವಾಗ ಎಲ್ಡನ್ ಶಿಮೆಕ್ ಬಾಯಿ ತೆರೆದ. ಉಸಿರು ಕಟ್ಟಲಿಲ್ಲ. ಅವಳು ಮೂಗನ್ನು ಅವನ ತುಟಿಯ ಹತ್ತಿರ ಒಯ್ದು ಉಸಿರೆಳೆದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದಳು. ಬೆಳೆದ ಮಗಳು ಅಪ್ಪನ ಬಾಯಿ ಮೂಸುವುದನ್ನು ನಾನು ಎಲ್ಲಿ ನೋಡಿದ್ದೆ? ಡುವೇನ್ ತಲೆ ಬಗ್ಗಿಸಿ ಟೋಪಿ ತೆಗೆದ, ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ.

"ಗಂಜಿ," ಎಂದಳು ಕೋರಿನ್. ಮತ್ತೆ ಹೇಳಿದಳು. "ಗಂಜಿ ವಾಸನೆ ಬರ್ತಿದೆ."

ಅವನ ಕೈಯಿಂದ ಮಗ್ಗು ತೆಗೆದುಕೊಂಡು ಮೂಸಿದಳು. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಹಾಪ್ಸ್ ಬೀಳುವ ಮೊದಲು, ಯೀಸ್ಟ್ ಬೀಳುವ ಮೊದಲು ಹಂಡೆಯಿಂದ ಬಗ್ಗಿಸಿಕೊಂಡ ಕಾಳಿನ ರಸ. ಬರೀ ಸಿಹಿ. ನನ್ನ ತಲೆಯಲ್ಲಿ ಆಗ ಒಂದೊಂದೇ ಬಿದ್ದವು, ರಬ್ಬರ್ ಕೊಳವೆ, ಮೀನಿನ ಪೊಟ್ಟಣ, ಕಣ್ಣು ಮುಚ್ಚಿ ನನ್ನ ಮಾತು ಕೇಳುವಾಗ ಏರಿಳಿಯುತ್ತಿದ್ದ ಗಂಟಲು.

ಕೋರಿನ್ ಮಗ್ಗನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದುಕೊಂಡಿದ್ದಳು.

"ಯಾವತ್ತಿನಿಂದ?"

ಎಲ್ಡನ್ ತಲೆಯೆತ್ತಿ ಅವಳ ಮುಖ ನೋಡಿದ. ಇನ್ನೂ ಬಗ್ಗಿಯೇ ಇದ್ದ.

"ಹೇಳ್ಲಾ?" ಎಂದು ಕೇಳಿದ.

ಅವಳಿಗೆ ತಾನು ಅಂದದ್ದು ನೆನಪಾಗಿರಬೇಕು. ಮುಖ ಕಿವುಚಿಕೊಂಡಿತು. "ಹೇಳಪ್ಪಾ," ಎಂದಳು.

"ಐಸ್ ಬಿರಿದ ದಿನದಿಂದ."

ಬೂಟು ಮೇಜಿನ ಮೇಲೆ ತುಂಬಿಯೇ ಇತ್ತು. ಆ ದಿನ ಅದನ್ನು ಯಾರೂ ಎತ್ತಲಿಲ್ಲ.